ಕಂಬಳಿ ಹೊದ್ದ ಕಾರು

ನಿಮ್ಮ ಅವ್ವ ಡಿಗ್ರಿ ಓದಿದ್ದು ಹೇಗೆ ಎಂದು ನೀವು ಕೇಳಿದಾಗಲೆಲ್ಲ ನಾನು ‘ಕಾರಿನಿಂದ’ ಎಂದಷ್ಟೇ ಹೇಳಿ ಸುಮ್ಮನಾಗಿದ್ದೇನೆ. ನೀವು ನಗುತ್ತೀರಿ. ಎದುರಿಗೆ ಜನ ಕೂತಿದ್ದರೆ ಉದ್ದಕ್ಕೆ ಮಾತಾಡುವುದು ನನಗೆ ಎಂದೂ ಆಗಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಹಾಗಾಗಿ ಬರೆದಿಡುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಮಾನ್ವಿಯಲ್ಲಿದ್ದೆವು. ನಿಮ್ಮ ತಾತನಿಗೆ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರದ ಅಂಗಡಿ ಇತ್ತು. ವಾರದಲ್ಲಿ ಮೂರು ನಾಲ್ಕು ದಿನ ಅಂಗಡಿಯಲ್ಲೇ ಮಲಗುತ್ತಿದ್ದರು. ನಿಮ್ಮ ಅವ್ವ ರಾಯಚೂರಿನ ಕಾಲೇಜಿಗೆ ಸೇರಿದಾಗ ನಮ್ಮ ಅತ್ತೆ, ಅಂದರೆ ನಿಮ್ಮ ತಾತನ ತಾಯಿ, ಒಂದು ಕರಾರು ಹಾಕಿದರು.

“ಓದಲಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಹೊತ್ತು ಮುಳುಗೂದ್ರಾಗ ಹುಡುಗಿ ಮನ್ಯಾಗ ಇರ್ಬೇಕು.”

ಹಾಸ್ಟೆಲ್ಲಿನ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ದಸರೆಯ ಹೊತ್ತಿಗೆ ಎರಡು ಸಲ ಬಸ್ಸು ತುಂಬಿ ಬಂದು ಅವಳಿಗೆ ಹತ್ತಲಾಗಲಿಲ್ಲ, ಕತ್ತಲಾದ ಮೇಲೆ ಬಂದಳು. ಎರಡನೆಯ ಸಲ ಅತ್ತೆ ಬಯ್ಯಲಿಲ್ಲ. “ಇನ್ನೊಮ್ಮಿ ಹಿಂಗಾದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡ್ರಿ” ಎಂದರು, ಅಷ್ಟೆ. ಅತ್ತೆ ಆಡಿದರೆ ಆಡಿದ ಹಾಗೆ. ಊಟವಾದ ಮೇಲೆ ನಿಮ್ಮ ಅವ್ವ ಪುಸ್ತಕ ತೆರೆದು ಕೂತಳು. ಬಹಳ ಹೊತ್ತು ಒಂದು ಹಾಳೆಯನ್ನೂ ತಿರುವಲಿಲ್ಲ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮುಂದೆ ಓದುವ ಆಸೆ ನನಗೂ ಇತ್ತು, ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ನಿಮ್ಮ ತಾತ ಯೋಚಿಸಿ ಯೋಚಿಸಿ ಒಂದು ಹಳೆಯ ಕಾರು ಕೊಳ್ಳುವುದೆಂದು ನಿರ್ಧರಿಸಿದರು. ಟ್ರ್ಯಾಕ್ಟರ್, ಜೀಪು ಓಡಿಸಿ ಅವರಿಗೆ ರೂಢಿಯಿತ್ತು. ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗುವುದು, ಅಂಗಡಿ ನೋಡಿಕೊಂಡು ಸಂಜೆ ಕರೆತರುವುದು. ಆ ರಸ್ತೆಯಲ್ಲಿ ದಿನವೂ ಅಷ್ಟು ದೂರ ಹೋಗಿ ಬರಬೇಕಾದರೆ ದಾರಿಯಲ್ಲಿ ಕೈಕೊಡದ ಕಾರೇ ಬೇಕು. ಒಂದು ಸಂಜೆ ಕೆಟ್ಟು ನಿಂತರೂ ಕಾಲೇಜು ಮುಗಿದ ಹಾಗೆ.

“ಗಾಡಿ ತರೂದು ನಿನ್ನ ಖುಷಿ. ಆರಿಸೂದು ಮಾತ್ರ ನಾನು” ಎಂದರು ಅತ್ತೆ.

“ನಿನಗ ಟಗರು ಆರಿಸಾಕ ಬರ್ತದ, ಖರೇ. ಕಾರಿನ ಸುದ್ದಿ ಏನ್ ಗೊತ್ತದಬೇ ಯವ್ವಾ?”

“ಎರಡೂ ನಡೀಬೇಕಲ್ಲೇನು?”

ನಾವು ಕುರಿ ಸಾಕಿ ಬಂದ ಮನೆತನದವರು. ಹೊಸ ಕುರಿ ಕೊಂಡರೆ ನಮ್ಮಲ್ಲಿ ಒಂದು ಪದ್ಧತಿಯಿತ್ತು: ಒಂದು ರಾತ್ರಿ ದೊಡ್ಡಿಯಲ್ಲಿ ಬೇರೆ ಕಟ್ಟಿ, ಬೆಳಗ್ಗೆ ಅದು ಏಳುವುದನ್ನು ನೋಡಬೇಕು. ನಡೆಸಿಕೊಂಡೇ ತಂದ ಕುರಿಯ ಕುಂಟು ಸಂತೆಯಲ್ಲಿ ಕಾಣುವುದಿಲ್ಲ, ಮಲಗಿ ಎದ್ದಾಗ ಕಾಣುತ್ತದೆ. ಕಾರನ್ನೂ ಹಾಗೇ ನೋಡಬೇಕೆಂದು ಅತ್ತೆ ಹಟ ಹಿಡಿದರು.

ಮೊದಲು ರಾಯಚೂರಿನಿಂದ ಒಬ್ಬ ದಲ್ಲಾಳಿ ಒಂದು ಸಣ್ಣ ಕಾರು ತಂದ. ಕೆಂಪು ಬಣ್ಣ ಥಳಥಳ ಹೊಳೆಯುತ್ತಿತ್ತು. ನನಗಂತೂ ಬಹಳ ಹಿಡಿಸಿತು. ಅತ್ತೆ ಸುತ್ತ ಒಂದು ಸಲ ನಡೆದು, ಅದರ ಮೂತಿಯ ಮೇಲೆ ಅಂಗೈ ಇಟ್ಟು ನೋಡಿದರು.

“ಮೈ ಬಿಸಿ ಅದ. ರಾತ್ರಿ ಇಲ್ಲೇ ಬಿಟ್ಟು ಹೋಗು. ಮುಂಜಾನಿ ಹೆಂಗ ಏಳ್ತದ ನೋಡೂಣು.”

“ಅಯ್ಯ ಯಮ್ಮಾ, ಇದೇನ್ ಎಮ್ಮಿ ಏನ್ರೀ ಕಟ್ಟಿ ನೋಡಾಕ?”

“ಎಮ್ಮಿ ಆಗಿದ್ರ ನೀ ಇಷ್ಟು ತೊಳದು ತರ್ತಿರಲಿಲ್ಲ ಬಿಡು.”

ಅವನು ಬಿಟ್ಟು ಹೋಗಲು ಒಪ್ಪಲಿಲ್ಲ. ಅತ್ತೆಯೂ ಒಪ್ಪಲಿಲ್ಲ.

ಎರಡನೆಯದು ದೇವದುರ್ಗದಲ್ಲಿ ಸಿಕ್ಕಿತು. ಕಂಟ್ರಾಟು ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಿರಿಯರ ಅಂಬಾಸಡರ್. ಬಿಳಿ ಬಣ್ಣ ಹಳೆಯ ಹಲ್ಲಿನ ಹಾಗೆ ಹಳದಿಗಟ್ಟಿತ್ತು. “ನಾಕ್ ದಿನ ಇಟ್ಕೊಂಡು ನೋಡ್ರಿ ಯವ್ವಾ, ಮನಸ್ಸಿಗೆ ಬರಲಿಲ್ಲಂದ್ರ ತಂದು ಬಿಡ್ರಿ” ಎಂದು ಅವರೇ ಕೀಲಿಕೈ ಕೊಟ್ಟರು. ಆ ಮಾತಿಗೇ ಅತ್ತೆಯ ಮನಸ್ಸು ಅರ್ಧ ಸೋತಿತು.

ಸಂಜೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ನಿಮ್ಮ ತಾತ ನೀರು, ಎಣ್ಣೆ ನೋಡಿ ತುಂಬಿಸಿದರು. ಮುಂದಿನ ಮುಚ್ಚಳ ಎತ್ತಿ ತಾಯಿಗೆ ಎಲ್ಲವನ್ನೂ ತೋರಿಸಿದರು. “ಈ ಜಾಳಿಗಿ ಅದ ನೋಡು, ಇದರಾಗಿಂದ ಗಾಳಿ ಒಳಗ ಹೋಗ್ತದ.” ಅತ್ತೆ ಹೂಂ ಹೂಂ ಎಂದು ಕೇಳಿಕೊಂಡರು. ಚಳಿಗಾಲ ಅದು, ಬೆಳಗಿನ ಜಾವ ಕೈ ಮರಗಟ್ಟುತ್ತಿತ್ತು. ಕಾರಿನ ಮೇಲೆ ಎರಡು ಕಂಬಳಿ ಹೊದಿಸಿಯೇ ಮಲಗಲು ಹೋದರು.

ಬೆಳಗ್ಗೆ ಕಾರು ಒಂದೇ ಸಲಕ್ಕೆ ಶುರುವಾಯಿತು. ಕಾರು ಸರಿದ ಮೇಲೆ ಅತ್ತೆ ನೆಲ ಮುಟ್ಟಿ ನೋಡಿದರು, ಎಣ್ಣೆಯ ಒಂದು ಹನಿಯೂ ಇರಲಿಲ್ಲ. “ಇನ್ನ ನಡಿಗಿ ನೋಡ್ಬೇಕು” ಎಂದು ತಾವೂ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಹತ್ತಿ ಕೂತರು. ಹಗಲೆಲ್ಲ ಅಂಗಡಿಯಲ್ಲಿ ಕೂತು, ಸಂಜೆ ಅದೇ ಕಾರಿನಲ್ಲಿ ಬರುವುದೆಂದು ಮಾತಾಯಿತು.

ದಾರಿಯಲ್ಲಿ ನಡೆದದ್ದನ್ನು ನಿಮ್ಮ ಅವ್ವ ಆಮೇಲೆ ನನಗೆ ಹೇಳಿದಳು. ಹೋಗುವಾಗ ತಣ್ಣನೆಯ ಹೊತ್ತು, ಏನೂ ತೊಂದರೆಯಾಗಲಿಲ್ಲ. ಬರುವಾಗ ಕಲ್ಲೂರು ದಾಟಿದ್ದೇ ಮುಂದಿನಿಂದ ಬುಸುಬುಸು ಹಬೆ ಎದ್ದಿತು. ನಿಮ್ಮ ತಾತ ಕಾರು ನಿಲ್ಲಿಸಿ ಮುಚ್ಚಳ ಎತ್ತಿದರೆ ಸುಟ್ಟ ಉಣ್ಣೆಯ ವಾಸನೆ. ಜಾಳಿಗೆಯ ಹಿಂದೆ ಮಡಚಿ ಸಿಕ್ಕಿಸಿದ ಕಂಬಳಿಯ ತುಂಡೊಂದು ಸಿಕ್ಕಿತು.

“ಯವ್ವಾ, ಇದೇನಬೇ ಇದು?”

“ನಾನಽ ಇಟ್ಟೀನಿ. ನಸುಕಿನ ಥಂಡಿಗಿ ಎದಿ ಹಿಡಿಬಾರದಂತ.”

“ಕಾರಿಗಿ ಎದಿ ಎಲ್ಲದ?”

“ಗಾಳಿ ಒಳಗ ಹೋಗ್ತದಂತ ನೀನಽ ಹೇಳಿದ್ಯಲ್ಲ! ಥಂಡಿ ಗಾಳಿ ಹೋದ್ರ ಬ್ಯಾನಿ ಬರಂಗಿಲ್ಲೇನು?”

ಅಷ್ಟರಲ್ಲಿ ಒಂದು ಲಾರಿ ನಿಧಾನಿಸಿತು. ಡ್ರೈವರ್ ಆ ಕಂಬಳಿ ನೋಡಿ, “ಏನ್ ಬೇ ಅಜ್ಜಿ, ಕಾರಿಗೂ ಬಾಣಂತನ ಮಾಡಾಕತ್ತೀಯೇನು?” ಎಂದು ನಕ್ಕು ಹೋದ. ನಿಮ್ಮ ಅವ್ವನೂ ಬಿದ್ದು ಬಿದ್ದು ನಕ್ಕಳಂತೆ. ನಗುತ್ತಲೇ ತಿರುಗಿ ನೋಡಿದರೆ ಹೊತ್ತು ಜೋಳದ ಹೊಲದ ಅಂಚಿಗೆ ಇಳಿದಿತ್ತು. ಇಂಜಿನ್ ತಣ್ಣಗಾಗುವ ತನಕ ನೀರು ಹಾಕುವಂತಿರಲಿಲ್ಲ, ನೀರಿಲ್ಲದೆ ಹೊರಡುವಂತಿರಲಿಲ್ಲ. ನಿಮ್ಮ ತಾತ ಡಬ್ಬಿ ಹಿಡಿದು ನೀರು ಹುಡುಕಲು ಹೋದರಂತೆ.

ಇತ್ತ ಮನೆಯಲ್ಲಿ ನಾನೊಬ್ಬಳೇ. ದೊಡ್ಡಿಗೆ ಕುರಿ ಬಂದವು, ಕಾರು ಬರಲಿಲ್ಲ. ಹೊತ್ತು ಮುಳುಗಿತು. ದಿನವೂ ಆ ಹೊತ್ತಿಗೆ ನಾನು ಮುಖ ತೊಳೆದು ದೇವರ ಮುಂದೆ ದೀಪ ಹಚ್ಚಿ, ಪಡಸಾಲೆಯ ಬಲ್ಬು ಹಾಕುತ್ತಿದ್ದೆ. ಅವತ್ತು ಬತ್ತಿ ಹೊಸೆದೆ, ಎಣ್ಣೆ ಹಾಕಿದೆ, ಕಡ್ಡಿಪೆಟ್ಟಿಗೆ ಕೈಗೆ ತಗೊಂಡೆ. ಆದರೆ ಗೀರಲಿಲ್ಲ. ಬಲ್ಬನ್ನೂ ಹಾಕಲಿಲ್ಲ. ಸುಮ್ಮನೆ ಕತ್ತಲಲ್ಲಿ ಕೂತೆ.

ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೂಗಿದಳು. “ಯಕ್ಕಾ, ಎಲ್ಲಾರ ಮನ್ಯಾಗ ಕರೆಂಟ್ ಅದ, ನಿಮ್ಮ ಮನ್ಯಾಗ ಯಾಕ ಕತ್ತಲಿ? ಎಣ್ಣಿನೂ ತೀರೇದೇನು?”

“ಬತ್ತಿ ಹೊಸ್ಯಾಕತ್ತೀನಿ” ಎಂದೆ.

“ಹೊಸಿ ಹೊಸಿ, ಬೆಳ್ಳಂಬೆಳಗ ಆಗೂತನ ಹೊಸಿ.”

ಕೊನೆಗೆ ಕಾರಿನ ಸದ್ದು ಕೇಳಿತು. ಮೊದಲು ಅತ್ತೆ ಇಳಿದರು. ಸೆರಗಿಗೆಲ್ಲ ಮಸಿ ಹತ್ತಿತ್ತು. ಹಿಂದೆ ನಿಮ್ಮ ಅವ್ವ, ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಇಳಿದು, ಅಲ್ಲೇ ಕಾರಿಗೆ ಒರಗಿ ನಿಂತಳು. ಅತ್ತೆ ಕತ್ತಲ ಮನೆಯನ್ನು ನೋಡಿದರು, ಪಕ್ಕದ ಮನೆಯ ಬೆಳಕನ್ನೂ ನೋಡಿದರು.

“ಯಾಕಬೇ, ದೀಪ ಹಚ್ಚಿಲ್ಲೇನು?”

“ಇಲ್ಲರಿ ಅತ್ತಿ” ಎಂದೆ. “ಇನ್ನಾ ಹಚ್ಚಿಲ್ಲ.”

ಅತ್ತೆ ಹತ್ತಿರ ಬಂದು ನನ್ನ ಮುಖ ನೋಡಿದರು. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಅವರು ನನ್ನನ್ನು ಹಾಗೆ ನೋಡಿದ ನೆನಪಿಲ್ಲ.

“ನಮ್ಮ ಮನ್ಯಾಗ ದೀಪ ಹಚ್ಚಿಲ್ಲಂದ್ರ ಹೊತ್ತು ಮುಳುಗಿಲ್ಲ ಬಿಡು” ಎಂದರು. “ಹುಡುಗಿ ಹಸದದ. ರೊಟ್ಟಿ ಹಾಕು.”

ನಿಮ್ಮ ಅವ್ವ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಊಟಕ್ಕೆ ಕೂತಾಗ ನಿಮ್ಮ ತಾತ ಹೆದರುತ್ತಲೇ ಕೇಳಿದರು, “ಹಂಗಾರ ಕಾರು ವಾಪಸ್ ಕೊಟ್ಟು ಬರ್ಲೇನು?”

“ಯಾಕ ಕೊಡ್ತಿ? ಬಾಯಿ ಮೂಗು ಕಟ್ಟಿದ್ರೂ ಕಲ್ಲೂರು ದಾಟಿ ಬಂದದ. ಇಂಥಾ ಜೀವ ಯಾವ ಸಂತ್ಯಾಗೂ ಸಿಗಂಗಿಲ್ಲ.”

ಅದೇ ಕಾರು ಅವಳ ಡಿಗ್ರಿ ಮುಗಿಯುವ ತನಕ ಓಡಿತು. ಒಂದೆರಡು ಸಲ ಚಕ್ರದ ಗಾಳಿ ಹೋಗಿ ಕತ್ತಲಾದದ್ದೂ ಉಂಟು. ಅತ್ತೆ ಕರಾರಿನ ಮಾತು ಎತ್ತಲಿಲ್ಲ, ಒಳಗಿನಿಂದಲೇ “ಬಂದ್ರೇನು?” ಎಂದು ಕೇಳಿ ಮಗ್ಗುಲು ಬದಲಿಸುತ್ತಿದ್ದರು.

ದೀಪ ಹಚ್ಚದ ಆ ರಾತ್ರಿಯ ಮರುದಿನ ಬೆಳಗ್ಗೆ ಕಾರು ಹೊರಟಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿಮ್ಮ ಅವ್ವ ಕೂತವಳೇ ಪುಸ್ತಕ ತೆರೆದು ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕಡೆ ಕೈ ಬೀಸುವುದನ್ನೂ ಮರೆತಳು. ಬೀದಿಯ ತಿರುವು ಬರುವ ಮೊದಲೇ ಒಂದು ಹಾಳೆ ತಿರುವಿದ್ದು ಕಂಡಿತು.