ಬಾಯಾರಿದ ನಲ್ಲಿ

ನಮ್ಮ ಪಾರ್ಕಿನ ಬೇಲಿಯಲ್ಲಿ ಮುಚ್ಚಳ ಬಿದ್ದುಹೋದ ಒಂದು ಕಬ್ಬಿಣದ ಕಂಬವಿದೆ. ಅದರ ಬಾಯೊಳಗೆ ಕೈ ಹಾಕುವುದು ಸುಲಭ, ತೆಗೆಯುವುದಲ್ಲ ಎಂಬುದು ನನಗೆ ಗೊತ್ತಾದದ್ದು ಹಾಕಿದ ಮೇಲೆ. ತಲೆ ನರೆತ, ಕನ್ನಡಕ ಹಾಕಿದ, ನೋಡುವುದಕ್ಕೆ ಮರ್ಯಾದಸ್ಥನಂತಿರುವ ಮನುಷ್ಯ ಹಾಡಹಗಲಲ್ಲಿ ಕಂಬ ತಬ್ಬಿಕೊಂಡು ನಿಂತರೆ ಜನ ಸುಮ್ಮನಿರುತ್ತಾರೆಯೇ?

"ಏನಪ್ಪಾ, ತಲೆ ಸುತ್ತುತ್ತಾ? ನಿಮ್ಮ ಮನೆಯವ್ರಿಗೆ ಫೋನ್ ಮಾಡ್ಲಾ?" ಎಂದು ವಾಕಿಂಗ್ ಬಂದ ಅಜ್ಜಿಯೊಬ್ಬರು ಕೇಳಿದರು.

ಮನೆಯವಳಿಗೆ ತಿಳಿಯುವುದಕ್ಕಿಂತ ಕಂಬದ ಜೊತೆಗೇ ಸಂಸಾರ ಹೂಡುವುದು ವಾಸಿ ಎನಿಸಿ, "ಸುಮ್ನೆ ನಿಂತಿದೀನಮ್ಮಾ" ಎಂದೆ.

ಬಿಡಿಸಿದವರು ನಮ್ಮ ಬೀದಿಯ ಪ್ಲಂಬರ್. ನನ್ನ ಮಣಿಕಟ್ಟಿಗೆ ಸೋಪಿನ ನೀರು ಸುರಿದು, ತುಕ್ಕು ಹಿಡಿದ ನಟ್ಟು ಬಿಚ್ಚುವ ತಾಳ್ಮೆಯಲ್ಲಿ ತಿರುಗಿಸಿ ತಿರುಗಿಸಿ ಕೈಯನ್ನು ಹೊರಗೆಳೆದರು. ಆಮೇಲೆ ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಡಬ್ಬಿ ಹುಡುಕ್ತಿದ್ರಾ ಸಾರ್? ಎಲ್ಲಿದೆ ಅಂತ ಮಾತ್ರ ಕೇಳ್ಬೇಡಿ. ನಮ್ಮಲ್ಲಿ ಅದು ಆಗಲ್ಲ."

ನಮ್ಮಿಬ್ಬರಿಗೂ ಅಂಟಿರುವ ಈ ಹುಚ್ಚಿನ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಎಲ್ಲೋ ಒಂದು ಪುಟ್ಟ ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ತಿಳಿಸುತ್ತಾರೆ. ಮಿಕ್ಕವರು ಫೋನ್ ಹಿಡಿದು ಹೋಗಿ, ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಗೀಚಿ, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಬೇರೇನೂ ಸಿಗುವುದಿಲ್ಲ. ಫೋನು ಹತ್ತಿರದವರೆಗೆ ಕರೆದೊಯ್ದು ಕೈಬಿಡುತ್ತದೆ. ಅಲ್ಲಿಂದ ಮುಂದೆ ಬೇಕಾಗುವುದು ತಲೆ. ನನ್ನ ವಿಷಯದಲ್ಲಿ ಸೋಪು. ಇರುವುದೊಂದೇ ಕಟ್ಟಳೆ: ಗೊತ್ತಿದ್ದವರು ಗೊತ್ತಿಲ್ಲದವರ ಮುಂದೆ ಬಾಯಿ ಬಿಡಬಾರದು.

ಪ್ಲಂಬರಿಗೆ ಈ ಕಟ್ಟಳೆ ಹುಟ್ಟಿನಿಂದಲೇ ಬಂದಿತ್ತು. ಊರಿನ ಅರ್ಧ ಬಚ್ಚಲುಮನೆಗಳ ಒಳಗುಟ್ಟು ಬಲ್ಲವರಾದರೂ ಒಂದು ಮಾತು ಹೊರಗೆ ಸೋರಿದ್ದಿಲ್ಲ. "ವಾರವೆಲ್ಲ ಕಂಡವರ ಪೈಪಲ್ಲಿ ಕೈ, ಭಾನುವಾರ ಪೊದೆಯಲ್ಲಿ ಕೈ. ಮನೆ ಸಿಂಕಿಗೆ ಮಾತ್ರ ಈ ಕೈ ಸಿಗಲ್ಲ" ಎನ್ನುವುದು ಅವರ ಹೆಂಡತಿಯ ನಿತ್ಯದ ದೂರು.

ಲೈಬ್ರರಿಯವರ ಒಪ್ಪಿಗೆ ಪಡೆದು ಪ್ಲಂಬರ್ ಆ ಕಟ್ಟಡದ ಹಿಂಗೋಡೆಯ ಹಳೇ ಪೈಪುಗಳ ಸಾಲಿಗೆ ಒಂದು ಸುಳ್ಳು ನಲ್ಲಿ ಸೇರಿಸಿದ್ದರು. ತುಕ್ಕಿನ ಬಣ್ಣವನ್ನೂ ತಾವೇ ಬಳಿದಿದ್ದರು. ಉಲ್ಟಾ ತಿರುಗಿಸಿದರೆ ನಲ್ಲಿಯ ಸಮೇತ ಒಳಗಿನ ಡಬ್ಬಿ ಕೈಗೆ ಬರುತ್ತದೆ. ಹೆಸರು 'ಬಾಯಾರಿದ ನಲ್ಲಿ'. ಒಂದು ವರ್ಷ ಯಾರಿಗೂ ಸಿಗಲಿಲ್ಲ. ಕೈ ತೊಳೆಯಲೆಂದು ನಾನೇ ಅದನ್ನು ಒಮ್ಮೆ ತಿರುಗಿಸಿ, ನೀರು ಬಾರದ್ದಕ್ಕೆ ಪುರಸಭೆಗೆ ಶಾಪ ಹಾಕಿ ಬಂದಿದ್ದೆ.

ನಮ್ಮ ಗುಂಪಿನಲ್ಲೊಂದು ರೂಢಿ: ವಾರ್ಷಿಕ ಕೂಟದವರೆಗೂ ಯಾರಿಗೂ ಸಿಗದ ಡಬ್ಬಿಯನ್ನು, ಇಟ್ಟವರೇ ಎಲ್ಲರೆದುರು ತೆರೆಯಬೇಕು. ಪ್ಲಂಬರ್ ಕಾದಿದ್ದು ಅದಕ್ಕೆ. ಹೆಂಡತಿಯನ್ನೂ ಕರೆದಿದ್ದರು. "ಒಂದ್ಸಲ ಬಂದು ನೋಡೇ, ಆಮೇಲೆ ಬೈಯುವಿಯಂತೆ."

ಕೂಟಕ್ಕೆ ವಾರವಿರುವಾಗ ಒಂದೇ ಮಧ್ಯಾಹ್ನ ಏಳು ಜನರಿಗೆ ನಲ್ಲಿ ಸಿಕ್ಕಿಬಿಟ್ಟಿತು. ಎಲ್ಲರೂ ನಮ್ಮ ಗುಂಪಿನಲ್ಲೇ ಇರುವ ಹಲ್ಲಿನ ಡಾಕ್ಟರೊಬ್ಬರ ತಂಡದವರು. ಪ್ಲಂಬರ್ ಮುಖ ಸಣ್ಣದು ಮಾಡಿಕೊಂಡರೂ, "ಒಳ್ಳೇ ತಲೆ ಸಾರ್ ಅವರದು. ಹೇಗೆ ಹೊಳೀತೋ!" ಎಂದು ಮೆಚ್ಚಿಕೊಂಡರು.

ಕೂಟದ ದಿನ ಡಾಕ್ಟರ ಕಾರಿನ ಮುಂದಿನ ಸೀಟಿನಿಂದ ಪ್ಲಂಬರ ಭಾವಮೈದುನ ಇಳಿದ. ಎಲೆಕ್ಟ್ರಿಷಿಯನ್, ಮೊದಲ ಡಬ್ಬಿಯಿಂದಲೂ ಭಾವನ ಜೊತೆಗಾರ. ಇಷ್ಟು ದಿನ ಭಾವನ ಸ್ಕೂಟರಿನ ಹಿಂದೆ ಏಣಿ ಹಿಡಿದು ಕೂರುತ್ತಿದ್ದವನು ಈಗ ಕಪ್ಪು ಕನ್ನಡಕ ಹಾಕಿದ್ದ.

ಡಾಕ್ಟರು ನಲ್ಲಿಯ ಮುಂದೆ ನಿಂತು, "ನೋಡಿ, ಇದರ ಗುಟ್ಟು ಇಲ್ಲಿದೆ" ಎಂದು ಬೆರಳಗಂಟಿನಿಂದ ಮೂರು ಸಲ ತಟ್ಟಿ, ಉಲ್ಟಾ ತಿರುಗಿಸಿದರು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಅವರ ತಂಡದವರು ಒಬ್ಬೊಬ್ಬರಾಗಿ ಬಂದು ತೋರಿಸಿದರು. ಎಲ್ಲರೂ ತಪ್ಪದೆ ಮೂರು ಸಲ ತಟ್ಟಿದರು.

ಪಕ್ಕದಲ್ಲಿದ್ದ ಪ್ಲಂಬರ್ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಇಳಿಸಿದರು.

"ಅದಕ್ಕೆ ತಟ್ಟೋದೇ ಬೇಡ ಸಾರ್" ಎಂದರು ಮೆಲ್ಲಗೆ. "ಕೂರಿಸಿದ ದಿನ ನಮ್ಮ ಭಾವಮೈದುನನ್ನ ಗೋಳುಹೊಯ್ಕೊಳ್ಳೋಕೆ ಹೇಳಿದ್ದೆ, ಮೂರು ಸಲ ತಟ್ಟಿದ್ರೇ ಬಿಡೋದು ಅಂತ. ಪೆದ್ದ, ನಂಬಿದ. ಇವನೊಬ್ಬನಿಗೇ ಹೇಳಿದ್ದು."

ಭಾವಮೈದುನ ಲೈಬ್ರರಿಯ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಏನೂ ತಿಳಿಯದ ಅವನ ಅಕ್ಕ, ಅಂದರೆ ಪ್ಲಂಬರ ಹೆಂಡತಿ, "ಅಯ್ಯೋ, ಎಲ್ಲರಿಗೂ ಬರತ್ತಲ್ರೀ! ಇದಕ್ಕೇನಾ ವರ್ಷಗಟ್ಟಲೆ ಕುಣಿದಿದ್ದು?" ಎಂದರು. ಪ್ಲಂಬರ್ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಸೋರುತ್ತಿದ್ದದ್ದು ಹೆಂಡತಿಯ ತವರಿನ ಮಾನ. ಎಲ್ಲರೂ ಹೋದ ಮೇಲೆ ಅವರು ನಲ್ಲಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಏಣಿ ಹಿಡಿದುಕೊಂಡು ಹೋದವನು ನಾನು. ದಾರಿಯಲ್ಲಿ ಇಬ್ಬರು ಪಾದಚಾರಿಗಳ ತಲೆ ಉಳಿದದ್ದು ಅವರ ಪುಣ್ಯ.

ಮೊನ್ನೆ ನಮ್ಮ ಅಡುಗೆಮನೆಗೆ ವಾಷರ್ ಬದಲಿಸಲು ಬಂದಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ: "ಆಮೇಲೆ ನಿಮ್ಮ ಭಾವಮೈದುನನ ಹತ್ರ ಮಾತಾಡಿದ್ರಾ?"

ಪ್ಲಂಬರ್ ಸಿಂಕಿನ ಕೆಳಗಿನಿಂದ ತಲೆ ಹೊರಗೆ ತೆಗೆಯಲಿಲ್ಲ.

"ಹ್ಞೂಂ ಸಾರ್. ನಿನ್ನೆ ಅವನೇ ಫೋನ್ ಮಾಡಿದ್ದ, ಅವರ ಮನೆ ನಲ್ಲಿ ಸೋರ್ತಿದೆಯಂತೆ. ಮೂರು ಸಲ ತಟ್ಟು ಅಂದೆ."