ಕುಂಕುಮ ಹಚ್ಚಿದ ಖಾಲಿ ಪುಟ

ಕೊರೊನಾ ಬರುವುದಕ್ಕೆ ಹಿಂದಿನ ದೀಪಾವಳಿ. ಆಗ ನಾನು ಶಿಕಾರಿಪುರದ ಒಂದು ಶುಂಠಿ ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದೆ. ರೈತರಿಂದ ಕೊಂಡ ಹಸಿ ಶುಂಠಿಯನ್ನು ತೊಳೆದು, ಒಣಗಿಸಿ, ಚೀಲ ಕಟ್ಟಿ ಕಳಿಸುವುದು ಅಲ್ಲಿನ ಕೆಲಸ. ಊರವರ ಬಾಯಲ್ಲಿ ಅದು ಸಾಹುಕಾರ್ ಫ್ಯಾಕ್ಟರಿ. ಕಾಗದದಲ್ಲಿ ಮೂವರು ಷೇರುದಾರರ ಪ್ರೈವೇಟ್ ಲಿಮಿಟೆಡ್ ಕಂಪನಿ. ಒಟ್ಟು ಹತ್ತು ಸಾವಿರ ಷೇರುಗಳಲ್ಲಿ ಸಾಹುಕಾರ್ ಚನ್ನವೀರಪ್ಪನವರದು ಐದು ಸಾವಿರ, ಅವರ ಹೆಂಡತಿ ಶಾರದಮ್ಮನವರದು ಎರಡು ಸಾವಿರ, ಉಳಿದ ಮೂರು ಸಾವಿರ ನನ್ನ ಗೆಳೆಯ ನಜೀರನದು. ಮೂವರೂ ನಿರ್ದೇಶಕರು.

ಅವತ್ತು ಲಕ್ಷ್ಮೀಪೂಜೆ. ಪ್ರತಿ ವರ್ಷ ಆ ಹೊತ್ತಿಗೆ ಅಂಗಡಿಯಿಂದ ಹೊಸ ಲೆಕ್ಕದ ಪುಸ್ತಕಗಳ ಜೊತೆ ಒಂದು ಹೊಸ ನಡಾವಳಿ ಪುಸ್ತಕವನ್ನೂ ನಾನು ತರುತ್ತಿದ್ದೆ. ನಿರ್ದೇಶಕರ ಸಭೆಗಳಲ್ಲಿ ಏನು ತೀರ್ಮಾನವಾಯಿತು ಎಂದು ಬರೆದಿಡುವ ಪುಸ್ತಕ ಅದು. ಅದರ ಮೊದಲ ಪುಟದ ನೆತ್ತಿಗೆ ಕುಂಕುಮ ಹಚ್ಚಿ, ಪುಟದ ಕೆಳಗೆ ಮೂವರೂ ಸಹಿ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಡುವೆ ಒಂದಕ್ಷರವೂ ಇರುತ್ತಿರಲಿಲ್ಲ. ವರ್ಷ ಚೆನ್ನಾಗಿರಲಿ ಎಂಬ ಶಾಸ್ತ್ರ, ಅಷ್ಟೇ.

ನಜೀರ್ ಸಾಹುಕಾರರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ನಾನು ಪುಸ್ತಕ ಹಿಡಿದು ನಿಂತಿದ್ದೆ.

"ಬಿ.ಕಾಂ., ಪೆನ್ನು ಕೊಡಪ್ಪಾ" ಎಂದ ನಜೀರ್. "ನಿನ್ನ ಪೆನ್ನಲ್ಲಿ ಸೈ ಮಾಡಿದ್ರೆ ನಾನೂ ಓದಿದೋನ್ ಥರ ಕಾಣ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಸಹಿ ಮಾಡಿ, ಮಂಡಕ್ಕಿ ಪ್ರಸಾದ ಬಾಯಿಗೆ ಹಾಕಿಕೊಂಡು, ಒಣಗಿಸುವ ಯಂತ್ರದ ಬೆಲ್ಟ್ ನೋಡಲು ಎದ್ದು ಹೋದ. ನಮ್ಮಿಬ್ಬರ ನಡುವೆ ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಅದು.

ನಾವಿಬ್ಬರೂ ಕುಬಟೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಅವನು ಎಂಟನೇ ತರಗತಿಗೆ ಬಿಟ್ಟು ಸೊರಬದಲ್ಲಿ ವೆಲ್ಡಿಂಗ್ ಕಲಿತ. ನಾನು ಶಿಕಾರಿಪುರಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮಾಡಿದೆ. ಅವನು ಹಳೆಯ ಡ್ರಮ್ಮು, ಮೋಟಾರು ಸೇರಿಸಿ, ಸಿಪ್ಪೆ ಸುಲಿಯದಂತೆ ಶುಂಠಿ ತೊಳೆಯುವ ಯಂತ್ರವೊಂದನ್ನು ಮಾಡಿದ. ಅದನ್ನು ನೋಡಿ ಸಾಹುಕಾರರು ಕಂಪನಿ ಕಟ್ಟಿದರು, ಅವನಿಗೆ ಷೇರು ಕೊಟ್ಟರು. ನನ್ನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಅದಕ್ಕಾಗಿ ನಾನು ಅವನನ್ನು ಕ್ಷಮಿಸಿರಲಿಲ್ಲ. ರೈತರು ಗೇಟಿನಲ್ಲಿ "ನಜೀರ್ ಸಾಹೇಬ್ರು ಅದಾರೇನ್ರೀ?" ಎಂದು ಕೇಳಿದಾಗ, ಕಾಗದವನ್ನೆಲ್ಲ ನೋಡಿಕೊಳ್ಳುವ ನನ್ನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ ಎನಿಸುತ್ತಿತ್ತು. ನನ್ನ ಹೆಂಡತಿ ಒಮ್ಮೆ, "ಓದ್ದೇ ಇದ್ರೂ ನಜೀರಣ್ಣ ಎಷ್ಟು ಮುಂದೆ ಬಂದ್ರು ನೋಡಿ" ಎಂದಳು. ಅವತ್ತು ನಾನು ಊಟ ಬಿಟ್ಟು ಎದ್ದೆ.

ದೀಪಾವಳಿ ಕಳೆದ ಮೇಲೆ ಹೊರಗಿನ ವ್ಯಾಪಾರಿಯೊಬ್ಬರು ಫ್ಯಾಕ್ಟರಿಯನ್ನು ಯಂತ್ರಗಳ ಸಮೇತ ಕೇಳಿದರು. ಸಾಹುಕಾರರಿಗೆ ಮನಸ್ಸಿತ್ತು. ನಜೀರ್ ಒಪ್ಪಲಿಲ್ಲ. ಫ್ಯಾಕ್ಟರಿ ಮಾರುವಂಥ ದೊಡ್ಡ ತೀರ್ಮಾನಗಳಿಗೆ ವಿಶೇಷ ನಿರ್ಣಯ ಬೇಕೆಂದು ನಮ್ಮ ಕಂಪನಿಯ ಮೂಲ ನಿಯಮಗಳಲ್ಲೇ ಇತ್ತು. ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೀಳಬೇಕು. ಗಂಡ ಹೆಂಡತಿ ಸೇರಿದರೂ ಇದ್ದದ್ದು ನೂರಕ್ಕೆ ಎಪ್ಪತ್ತು. ನಜೀರನ ಮೂವತ್ತು ಅಡ್ಡ ನಿಂತಿತ್ತು.

ಒಂದು ಬೆಳಿಗ್ಗೆ ಸಾಹುಕಾರರು ನಡಾವಳಿ ಪುಸ್ತಕ ತರಿಸಿ, ಕುಂಕುಮದ ಪುಟ ತೆರೆದರು.

"ಗಂಗಾಧರಪ್ಪ, ಇಲ್ಲಿ ಬರೀರಿ. ಶ್ರಾವಣದಾಗೆ ನಾನು ಕಂಪನಿಗೆ ಹಾಕಿದ ದುಡ್ಡಿಗೆ ಷೇರು ತಗೊಂಡೆ ಅಂತ. ತಾರೀಕೂ ಶ್ರಾವಣದ್ದೇ ಹಾಕ್ರಿ."

ಹೊಸ ಷೇರು ಹೊರಡಿಸುವಾಗ ಹಳೆಯ ಷೇರುದಾರರೆಲ್ಲರಿಗೂ ಅವರವರ ಪಾಲಿನಷ್ಟು ಕೊಳ್ಳುವ ಅವಕಾಶವನ್ನು ಪತ್ರದ ಮೂಲಕ ಕೊಡಬೇಕು. ಅಂಥ ಪತ್ರ ಹೋಗಿರಲಿಲ್ಲ. ನನಗದು ಗೊತ್ತಿತ್ತು. ನಜೀರನ ಸಹಿ ಕೆಳಗೆ ಮೊದಲೇ ಇತ್ತು. ಅದರ ಮೇಲೆ, ಮೂವರೂ ಹಾಜರಿದ್ದರೆಂದೂ, ನಲವತ್ತು ಸಾವಿರ ಹೊಸ ಷೇರುಗಳಲ್ಲಿ ತಮ್ಮ ಪಾಲು ಬೇಡವೆಂದು ನಜೀರ್ ಅಹಮದ್ ತಿಳಿಸಿದರೆಂದೂ, ಎಲ್ಲವನ್ನೂ ಸಾಹುಕಾರ್ ದಂಪತಿಗೆ ಕೊಡಲಾಯಿತೆಂದೂ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ನಜೀರನ ಮೂವತ್ತು ಅವತ್ತು ಆರಕ್ಕೆ ಇಳಿಯಿತು.

ಸಾಹುಕಾರರು ನನಗೆ ಏನನ್ನೂ ಕೊಡುತ್ತೇನೆ ಎಂದಿರಲಿಲ್ಲ. ಹೆದರಿಸಿಯೂ ಇರಲಿಲ್ಲ.

ನಜೀರನಿಗೆ ಇದು ತಿಳಿದದ್ದು ಗೇಟಿನಲ್ಲಿ. ತೊಳೆಯುವ ಯಂತ್ರಕ್ಕೆ ಹೊಸ ಬ್ರಷ್ ಹಾಕಲು ಬಂದವನನ್ನು ವಾಚ್‌ಮನ್ ತಡೆದ. ಸಾಹುಕಾರರು ಒಳಗಿನಿಂದಲೇ, "ಆರು ಪರ್ಸೆಂಟ್ ಇರೋರು ಹೊರಗೇ ನಿಂತು ಮಾತಾಡ್ಬೇಕು" ಎಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಬ್ರಷ್‌ಗಳ ಗಂಟನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಹೋದ. ನನಗೆ ಸಮಾಧಾನವಾಯಿತು. ಅದನ್ನೂ ಇಲ್ಲಿ ಬರೆಯಬೇಕು.

ಶಿವಮೊಗ್ಗದ ವಕೀಲರು ಅವನಿಗೆ ದಾರಿ ತೋರಿಸಿದರು. ಬಹುಮತ ಇದ್ದವರು ಸಣ್ಣ ಪಾಲಿನವರನ್ನು ತುಳಿದರೆ, ಅಥವಾ ಕಂಪನಿಯನ್ನು ಕೆಟ್ಟದಾಗಿ ನಡೆಸಿದರೆ, ಕಂಪನಿ ಕಾಯ್ದೆಯ 241ನೇ ಸೆಕ್ಷನ್ ಪ್ರಕಾರ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಷೇರು ಹಂಚಿಕೆ ರದ್ದು ಮಾಡುವ, ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳುವಂತೆ ಹೇಳುವ ಅಧಿಕಾರ ಅದಕ್ಕಿದೆ. ಹತ್ತು ಪರ್ಸೆಂಟ್ ಷೇರು ಇಲ್ಲದವನು ಅರ್ಜಿ ಹಾಕುವಂತಿಲ್ಲ ಎಂದು ಸಾಹುಕಾರರು ನಂಬಿದ್ದರು. ಆದರೆ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಸದಸ್ಯರ ಸಂಖ್ಯೆಯಲ್ಲಿ ಹತ್ತನೇ ಒಂದು ಭಾಗ ಇದ್ದರೂ ಸಾಕು. ಮೂವರಲ್ಲಿ ಒಬ್ಬ ಎಂದರೆ ಅದಕ್ಕಿಂತ ಹೆಚ್ಚೇ ಆಯಿತು.

ನಜೀರ್ ಅರ್ಜಿ ಹಾಕಿದ. ಕಂಪನಿ ತನ್ನ ಉತ್ತರದ ಜೊತೆ ನಾನು ಬರೆದ ಪುಟದ ನಕಲನ್ನು ಲಗತ್ತಿಸಿತು. ಆ ವಾರ ನಜೀರ್ ನನ್ನನ್ನು ಶಿರಾಳಕೊಪ್ಪದ ಬಸ್ ನಿಲ್ದಾಣದ ಕ್ಯಾಂಟೀನಿಗೆ ಕರೆದ. ನಕಲನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಚಹಾದ ಲೋಟ ಇಟ್ಟ.

"ಇದು ನಿನ್ನ ಅಕ್ಷರ ಅಲ್ವೇನೋ?"

"ಹೌದು."

"ನಂಗೆ ಬೇಡ ಅಂದೆ ಅಂತ ಬರ್ದಿದೀಯ. ಯಾವಾಗ ಅಂದೆ ಮಾರಾಯ?"

ನಾನು ನನ್ನ ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ಯಾಕ್ ಬರ್ದೆ?"

"ಸಾಹುಕಾರ್ರು ಹೇಳಿದ್ರು."

"ಅಷ್ಟೇನಾ?"

"ಅಷ್ಟೇ."

ಅವನು ನಕಲನ್ನು ಮಡಚಿ ಜೇಬಿಗಿಟ್ಟ. "ದುಡ್ಡು ಕೊಟ್ಟು ಕಳಿಸ್ತೀವಿ ಅಂತಿದಾರೆ. ನಂಗೆ ದುಡ್ಡು ಬೇಡ ಕಣೋ. ಆ ಮಿಷನ್ ಹತ್ರ ಹೋಗಕ್ಕೆ ಯಾರ್ ಹತ್ರನೂ ಕೇಳ್ಬಾರ್ದು, ಅಷ್ಟೇ" ಎಂದ. ಚಹಾದ ದುಡ್ಡು ಅವನೇ ಕೊಟ್ಟ. ಅದೂ ನನಗೆ ಚುಚ್ಚಿತು.

ಮೂರು ವಾರ ಯೋಚಿಸಿ ನಾನು ಕೆಲಸ ಬಿಟ್ಟೆ, ಅವನ ಪರವಾಗಿ ಅಫಿಡವಿಟ್ ಕೊಟ್ಟೆ. ಸಭೆ ಶ್ರಾವಣದಲ್ಲಿ ನಡೆಯಿತೆಂದು ನಾನು ಬರೆದಿದ್ದೆ. ಆದರೆ ಆ ಪುಸ್ತಕವನ್ನು ಕೊಂಡದ್ದೇ ದೀಪಾವಳಿಗೆ. ಅಂಗಡಿಯ ಬಿಲ್ಲು ಕಂಪನಿಯ ಫೈಲಿನಲ್ಲೇ ಇತ್ತು. ಬರೆಯುವಾಗಲೇ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು, ಹೇಳಿರಲಿಲ್ಲ. ಮುಂದೆ ನಜೀರನಿಗೆ ನೆರವಾಗಲಿ ಎಂದು ಬೇಕೆಂದೇ ಬಿಟ್ಟೆ ಎನ್ನಲು ಆಸೆಯಾಗುತ್ತದೆ. ಹಾಗಲ್ಲ. ಬರೆದು ಮುಗಿಸುವ ಅವಸರ ನನಗೇ ಇತ್ತು.

ತೀರ್ಪು ಬರುವ ಮೊದಲೇ ನಜೀರ್ ಸೊರಬದ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಮಣ್ಣಿಗೆ ಸೊರಬ, ಶಿಕಾರಿಪುರ ಎರಡೂ ತಾಲೂಕಿನ ರೈತರು ಬಂದಿದ್ದರು. ನನಗೆ ಇಷ್ಟು ಜನ ಬರುವುದಿಲ್ಲ ಎಂಬ ಯೋಚನೆ ಬಂತು. ನಿಂತಲ್ಲೇ ತಲೆ ತಗ್ಗಿಸಿದೆ.

ಅರ್ಜಿಯನ್ನು ಅವನ ಹೆಂಡತಿ ಜುಬೇದಾ ಮುಂದುವರಿಸಿದರು. ನ್ಯಾಯಮಂಡಳಿ ಆ ಷೇರು ಹಂಚಿಕೆಯನ್ನು ರದ್ದು ಮಾಡಿ, ಮೂರು ಸಾವಿರ ಷೇರನ್ನು ಅವರ ಹೆಸರಿಗೆ ದಾಖಲಿಸಲು ಹೇಳಿತು. ಆರು ಮತ್ತೆ ಮೂವತ್ತಾಯಿತು. ಫ್ಯಾಕ್ಟರಿ ಮಾರಾಟವಾಗಲಿಲ್ಲ.

ಈಗ ನಾನು ಶಿರಾಳಕೊಪ್ಪದಲ್ಲಿ ಒಂದು ಕೋಣೆ ಹಿಡಿದು ಅಂಗಡಿಗಳವರ ಜಿಎಸ್‌ಟಿ ಕೆಲಸ ಮಾಡುತ್ತೇನೆ. ಸಣ್ಣ ಪಾಲುದಾರರು ಬಂದರೆ ಎರಡೇ ಮಾತು ಹೇಳುತ್ತೇನೆ: ಖಾಲಿ ಪುಟಕ್ಕೆ ದೇವರ ಮುಂದೆಯೂ ಸಹಿ ಹಾಕಬೇಡಿ, ಪಾಲು ಸಣ್ಣದೆಂದು ಸುಮ್ಮನಿರಬೇಡಿ. ಜುಬೇದಾ ಕಂಪನಿಯ ನೋಟಿಸು ಬಂದಾಗಲೆಲ್ಲ ತರುತ್ತಾರೆ. ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕುವುದಿಲ್ಲ.

ಕಳೆದ ಸಲ ಬಂದಾಗ, "ಗಂಗಾಧರಣ್ಣ, ನಿಮ್ಮ ಬಗ್ಗೆ ಅವ್ರು ಒಂದ್ ಕೆಟ್ಟ ಮಾತೂ ಆಡ್ಲಿಲ್ಲ" ಎಂದರು. "ಬಿ.ಕಾಂ. ಬಂದು ಎಲ್ಲಾ ಹೇಳ್ತಾನೆ, ತಡಿ ಅಂತಿದ್ರು."

ಅವರು ಹೋದ ಮೇಲೆ ಅಫಿಡವಿಟ್ಟಿನ ಪ್ರತಿ ತೆಗೆದು ಮತ್ತೆ ಓದಿದೆ. ಹನ್ನೊಂದು ಕಲಮುಗಳಿವೆ. ಪುಸ್ತಕ, ಬಿಲ್ಲು, ತಾರೀಕು, ಕುಂಕುಮ, ಸಹಿ ಎಲ್ಲವೂ ಇದೆ. ಯಾಕೆ ಬರೆದೆ ಎಂಬುದು ಇಲ್ಲ.