ಅಮ್ಮನ ಸೆರಗಿನ ತುಳಸಿ

“ಇಟ್ಸ್ ಟೈಮ್ ಟು ಪುಲ್ ಬ್ಯಾಕ್,” ಎಂದರು ಮೆಲ್ಬರ್ನ್ ಆಸ್ಪತ್ರೆಯ ಡಾಕ್ಟರು, ಅಪ್ಪನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು. ಹಿಂದೆ ಸರಿಯೋಣ ಎಂಬ ಆ ಮಾತನ್ನು ಆಫೀಸಿನಲ್ಲಿ ನಾನೂ ದಿನಾ ಆಡುತ್ತೇನೆ. ಕೈಗೂಡದ ಪ್ರಾಜೆಕ್ಟಿನಿಂದ ಹಿಂದೆ ಸರಿಯಬಹುದು, ಅಪ್ಪನಿಂದಲೂ ಸರಿಯುವುದೇ? ನನಗೆ ಮೈಯೆಲ್ಲ ಉರಿಯಿತು.

“ಏನೇ ಅಂದ್ರು ಡಾಕ್ಟ್ರು?” ಅಮ್ಮ ಕೇಳಿದಳು.

ಕೈಚೆಲ್ಲಿಬಿಟ್ಟರು ಎನ್ನಲು ಹೊರಟವಳು ನುಂಗಿಕೊಂಡೆ. “ಇನ್ನು ಚುಚ್ಚೋದು, ಟ್ಯೂಬ್ ಹಾಕೋದು ಬೇಡ್ವಂತೆ. ನೋವಾಗದ ಹಾಗೆ ನೋಡ್ಕೋತಾರಂತೆ.”

ಅಮ್ಮ ಅಳಲಿಲ್ಲ. “ಹಾಗಾದ್ರೆ ಇನ್ನು ನಮ್ಮ ಕೆಲ್ಸ. ಬಾಯಿಗೆ ಒಂದು ಹನಿ ನೀರು ಬಿಡಬಹುದಾ ಕೇಳು.”

ಕೇಳಿದೆ. ಡಾಕ್ಟರು ಆಗಲಿ ಎಂದು ಹೇಳಿ, ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಡಾಕ್‌ಲ್ಯಾಂಡ್ಸ್‌ನ ನಮ್ಮ ಮನೆಯ ಬಾಲ್ಕನಿಯ ಕುಂಡದಲ್ಲಿ ಬೆಳೆದ ತುಳಸಿಯ ಒಂದು ದಳ ಅದರಲ್ಲಿತ್ತು. ಅದನ್ನು ಚಮಚದ ನೀರಿಗೆ ಹಾಕಿ ಅಪ್ಪನ ತುಟಿಗೆ ಸೋಕಿಸಿದಳು.

ಅಪ್ಪ ಈಗಿಲ್ಲ. ಮೀಟಿಂಗಿನಲ್ಲಿ ಯಾರಾದರೂ ಪುಲ್ ಬ್ಯಾಕ್ ಎಂದರೆ ನನ್ನ ಕಣ್ಣ ಮುಂದೆ ಆ ದಳವೇ ಬರುತ್ತದೆ. ಡಾಕ್ಟರು ಬಾಯಿಬಿಡುವ ಮೊದಲೇ, ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ, ಅಮ್ಮ ಅದನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಿದ್ದಳು.